ಆಗಮನಾಭಿಲಾಷಿಗಳು

ಸಂಸದರ ಕಚೇರಿಯಲ್ಲಿ ಕೆಲಸ ಎಂದರೆ ಜನ ನನ್ನನ್ನು ಒಂದು ಥರ ನೋಡುತ್ತಾರೆ. ದೆಹಲಿಯ ಗುಟ್ಟುಗಳನ್ನೆಲ್ಲ ಸೆರಗಿಗೆ ಗಂಟು ಹಾಕಿಕೊಂಡು ರಾಮನಗರದ ಬೀದಿಯಲ್ಲಿ ಓಡಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಮುಹೂರ್ತಗಳ ಕಾಲ ಬಂತೆಂದರೆ ನನ್ನ ಕೆಲಸದ ಮುಕ್ಕಾಲು ಪಾಲು ಮದುವೆ ಪತ್ರಿಕೆ ಜೋಡಿಸುವುದು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಪತ್ರಿಕೆಗಳು ಮೇಜಿನ ಮೇಲೆ ರಾಶಿ ಬೀಳುತ್ತವೆ. ಮಾಗಡಿ ಕಡೆಯವು ಒಂದು ಕಟ್ಟು, ಕನಕಪುರದ ಕಡೆಯವು ಒಂದು ಕಟ್ಟು, ಚನ್ನಪಟ್ಟಣದ್ದು ಇನ್ನೊಂದು. ಯಾವ ದಾರಿಯಲ್ಲಿ ಯಾವ ಛತ್ರ ಮೊದಲು ಸಿಗುತ್ತದೆ, ಎಲ್ಲಿ ಬರೀ ಅಕ್ಷತೆ, ಎಲ್ಲಿ ಊಟಕ್ಕೆ ಕೂರಲೇಬೇಕು, ಇದನ್ನೆಲ್ಲ ಒಂದು ಉದ್ದನೆಯ ನೋಟ್ ಬುಕ್ಕಿನಲ್ಲಿ ಬರೆಯಬೇಕು. ಇಪ್ಪತ್ತೆರಡು ವರ್ಷ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳಿಗೆ ಇದೇನು ದೊಡ್ಡ ವಿದ್ಯೆಯಲ್ಲ.

ನಮ್ಮ ಎಂಪಿಯನ್ನು ನಾನು ನೋಡಿದ್ದು ಆ ತಾಲ್ಲೂಕು ಕಚೇರಿಯಲ್ಲೇ. ಕೂಟಗಲ್ ಕಡೆಯ ರೇಷ್ಮೆ ಬೆಳೆಗಾರರ ಮಗ, ಆಗಿನ್ನೂ ಜೂನಿಯರ್ ವಕೀಲ. ಕರಿ ಕೋಟನ್ನು ಮಡಿಸಿ ತೋಳಿನ ಮೇಲೆ ಹಾಕಿಕೊಂಡು ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತಿದ್ದರು. ಬೇರೆ ವಕೀಲರು ಪಕ್ಕದ ಬಾಗಿಲಿನಿಂದ ನುಸುಳಿ ಬರುತ್ತಿದ್ದ ಕಾಲದಲ್ಲಿ ಸಾಲಿನಲ್ಲಿ ನಿಂತವರನ್ನು ಕಂಡರೆ ನನಗೆ ಅನುಮಾನ. ಒಂದು ದಿನ ತಪ್ಪು ಅರ್ಜಿ ತಂದಿದ್ದಕ್ಕೆ ಚೆನ್ನಾಗಿ ಬೈದೆ. ಬೈಸಿಕೊಂಡು, ಸರಿ ಮಾಡಿಸಿಕೊಂಡು, ಮರುದಿನ ಮತ್ತೆ ಸಾಲಿನ ಕೊನೆಗೆ ಬಂದು ನಿಂತರು. ಹೋಗುವಾಗ ಕೈ ಮುಗಿದು ಹೋದರು.

ಮೂವತ್ತು ದಾಟುವ ಹೊತ್ತಿಗೆ ಅವರು ಎಂಪಿ ಆದರು. ಹೇಗಾದರು ಎಂದು ಊರಿಗೊಂದು ಕಥೆ ಇದೆ. ನಾನು ಕಂಡ ಮಟ್ಟಿಗೆ ಹೇಳುವುದಾದರೆ, ಈ ನಾಲ್ಕು ತಾಲ್ಲೂಕಿನ ಹೆಂಗಸರು ಅವರನ್ನು ಗೆಲ್ಲಿಸಿದರು. ಶಾಲೆಯ ಪಕ್ಕದ ಹೆಂಡದ ಅಂಗಡಿ ಎತ್ತಿಸಲು ಹೆಂಗಸರ ಜೊತೆ ಬಿಸಿಲಲ್ಲಿ ಕೂತ ವಕೀಲ, ಬಂಡೆಗಳ ನಡುವಿನ ರೆಸಾರ್ಟಿನಲ್ಲಿ ಬೆಳಗಿನವರೆಗೆ ನಡೆಯುವ ಕುಣಿತ ನಿಲ್ಲಿಸಬೇಕೆಂದು ಕೋರ್ಟಿಗೆ ಹೋದ ವಕೀಲ, ಹಿರಿಯರು ಕಂಡರೆ ಬಗ್ಗಿ ಕಾಲು ಮುಟ್ಟುವ ಹುಡುಗ. ಕುಡಿಯುವುದಿಲ್ಲ, ಸೇದುವುದಿಲ್ಲ. ಹುಡುಗ ಹುಡುಗಿ ಮದುವೆಯಿಲ್ಲದೆ ಒಂದೇ ಮನೆಯಲ್ಲಿ ಇರುವುದು ಎಂದರೆ ಮುಖ ಕಿವುಚುತ್ತಾರೆ. ನನಗೆ ಈ ಗುಣಗಳಲ್ಲಿ ಅರ್ಧ ಹಿಡಿಸುತ್ತವೆ, ಅರ್ಧ ಹಿಡಿಸುವುದಿಲ್ಲ. ನಾನು ಓದಿದವಳು, ಪತಿ ಹೋದ ಮೇಲೆ ಒಬ್ಬಳೇ ಮಗಳನ್ನು ಬೆಳೆಸಿದವಳು, ಯಾರು ಯಾರ ಜೊತೆ ಇರಬೇಕೆಂದು ಊರು ಹೇಳುವುದು ನನಗೆ ಆಗದು.

ಗೆದ್ದ ವಾರಕ್ಕೇ ಅವರು ಫೋನ್ ಮಾಡಿದರು. ನಾನು ಆಗಷ್ಟೇ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಹಪ್ಪಳ ಒಣಗಿಸುತ್ತಿದ್ದೆ. "ಅಕ್ಕ, ನಮ್ ಆಫೀಸಿಗೆ ಬಂದ್ಬುಡಿ. ಇನ್ಮೇಲೆ ಎಲ್ರೂ ನನ್ನ ಹೊಗಳೋರೇ. ಬಯ್ಯೋರು ಒಬ್ರಾದ್ರೂ ಬೇಕು" ಎಂದರು. ಮೂಗಿನ ತುದಿಯಲ್ಲೇ ಸಿಟ್ಟಿರುವ ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಎಲ್ಲಿ ಸಿಗಬೇಕು. ಮರುದಿನವೇ ಹೋದೆ.

ದೆಹಲಿಯಲ್ಲಿ ಅವರು ಮಾಡುತ್ತಿದ್ದ ಕೆಲಸ ನನಗೆ ಗೊತ್ತಾಗುತ್ತಿದ್ದುದು ಕಾಗದಗಳಿಂದ. ಕನಕಪುರದ ಹೊಲಗಳಿಗೆ ನುಗ್ಗುವ ಆನೆಗಳ ಬಗ್ಗೆ ಪ್ರಶ್ನೆ, ಹೊರದೇಶದಿಂದ ಬರುವ ರೇಷ್ಮೆ ನೂಲಿನ ಬಗ್ಗೆ ಪ್ರಶ್ನೆ, ನಿಲ್ಲದ ರೈಲು ನಿಲ್ಲಬೇಕೆಂದು ಪತ್ರದ ಮೇಲೆ ಪತ್ರ. ಸಭೆ ಮುಗಿಯುವವರೆಗೂ ಎದ್ದು ಹೋಗದೆ ಕೂರುವವರು ಕೆಲವೇ ಜನ, ಅದರಲ್ಲಿ ಇವರೊಬ್ಬರು ಎಂದು ದೆಹಲಿಗೆ ಹೋಗಿ ಬಂದವರು ಹೇಳುತ್ತಿದ್ದರು. ಆದರೆ ಟೀವಿಯವರಿಗೆ ಆನೆಯೂ ಬೇಡ, ನೂಲೂ ಬೇಡ. ಮದುವೆ, ಸಂಸಾರ, ಹಿರಿಯರು ಎಂದು ಇವರು ಏನಾದರೂ ಹೇಳಿದರೆ ಸಾಕು, ಈ ವಯಸ್ಸಿಗೇ ತಾತನಾದವನು ಎಂದು ಇಂಗ್ಲಿಷಿನಲ್ಲಿ ನಗುತ್ತಿದ್ದರು. ಒಂದು ಸಲ ನಾನೂ ನಕ್ಕೆ. ಅವರು ಎದುರಿಗೇ ಕೂತಿದ್ದರು, ಅವರೂ ನಕ್ಕರು.

ಆಮೇಲೆ ಅವರು ಆ ಮಸೂದೆ ತಂದರು. ಖಾಸಗಿ ಸದಸ್ಯರು ತರುವಂಥದ್ದು. ಹುಡುಗ ಹುಡುಗಿ ಮದುವೆ ನೋಂದಣಿಗೆ ಹೋದರೆ ಎರಡೂ ಕಡೆಯ ತಂದೆ ತಾಯಿಗೆ ನೋಟಿಸು ಹೋಗಬೇಕು, ಅವರ ಮಾತು ಕೇಳಿದ ಮೇಲೆಯೇ ಮುಂದಿನದು ಎನ್ನುವುದು ಅದರ ಸಾರ. ಕನ್ನಡದ ಪ್ರತಿಯನ್ನು ನಾನು ಟೈಪ್ ಮಾಡಬೇಕಿತ್ತು. ಓದುತ್ತಾ ಓದುತ್ತಾ ತಲೆ ಬಿಸಿಯಾಯಿತು. ಮನೆಯವರಿಗೆ ನೋಟಿಸು ಹೋದರೆ ಎಷ್ಟು ಹೆಣ್ಣುಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ ಗೊತ್ತೇ ಎಂದು ಕೇಳಿದೆ. ಟೈಪ್ ಮಾಡುತ್ತೇನೆ, ಆದರೆ ಒಪ್ಪುವುದಿಲ್ಲ ಎಂದೆ.

"ಟೈಪ್ ಮಾಡಿ ಅಕ್ಕ. ಒಪ್ಪೋ ಕೆಲ್ಸ ನಿಮ್ ಸಂಬಳದಲ್ಲಿ ಸೇರಿಲ್ಲ" ಎಂದರು.

ಅದು ಚರ್ಚೆಗೆ ಬರಲೇ ಇಲ್ಲ. ಅಂಥ ಮಸೂದೆಗಳು ಬಹಳಷ್ಟು ಹಾಗೇ ಕಾಗದದಲ್ಲಿ ಉಳಿದುಹೋಗುತ್ತವಂತೆ. ನನಗೆ ಸಮಾಧಾನವಾಯಿತು, ಅವರಿಗೆ ಬೇಸರವಾಯಿತು, ಇಬ್ಬರೂ ಅದನ್ನು ಮುಚ್ಚಿಡಲಿಲ್ಲ.

ಮದುವೆಗಳ ವಿಷಯದಲ್ಲಿ ಮಾತ್ರ ಅವರದೇ ಒಂದು ಕಾನೂನಿತ್ತು. ಅದಕ್ಕೆ ಯಾವ ಸಂಸತ್ತೂ ಬೇಕಿರಲಿಲ್ಲ. ಲಗ್ನಪತ್ರಿಕೆಯ ಕೆಳಗೆ 'ಆಗಮನಾಭಿಲಾಷಿಗಳು' ಎಂದು ಬರೆದು ಹಿರಿಯರ ಹೆಸರು ಹಾಕುತ್ತಾರಲ್ಲ, ಅಲ್ಲಿ ಗಂಡಿನ ಕಡೆ, ಹೆಣ್ಣಿನ ಕಡೆ, ಎರಡೂ ಕಡೆಯ ಹೆತ್ತವರ ಹೆಸರಿದ್ದರೆ ಮಾತ್ರ ಅವರು ಹೋಗುವುದು. ಒಂದು ಕಡೆಯದು ಇಲ್ಲವೆಂದರೆ ಹೋಗುವುದಿಲ್ಲ. ಎಂಥ ದೊಡ್ಡ ಮನುಷ್ಯರ ಮನೆಯಾದರೂ ಅಷ್ಟೇ. ಮೊದಲ ವರ್ಷ ಮಾಗಡಿಯ ಒಂದು ಛತ್ರದಲ್ಲಿ ವಧೂವರರಿಗೆ ಅಕ್ಷತೆ ಹಾಕಿ, ಫೋಟೋಗೆ ನಿಂತು, ಹೊರಗೆ ಬರುವಾಗ ಗೇಟಿನ ಹತ್ತಿರ ಒಬ್ಬ ಹೆಂಗಸು ಅವರ ಅಂಗಿಯ ತೋಳು ಹಿಡಿದುಕೊಂಡಳಂತೆ. ಮದುಮಗನ ತಾಯಿ. ಕರೆದಿರಲಿಲ್ಲ. ನಮ್ಮ ಓಟು ತಗೊಂಡು ನಮ್ಮ ಮಗನನ್ನು ನಾವಿಲ್ಲದೆ ಹರಸಿ ಬಂದೆಯಲ್ಲಪ್ಪ, ನನ್ನ ಮುಖ ನೋಡಿದೆಯಾ ಎಂದು ಕೇಳಿದಳಂತೆ. ಅವತ್ತಿನಿಂದ ಈ ನಿಯಮ. ಹಾಗಾಗಿ ಪತ್ರಿಕೆ ಬಂದ ಕೂಡಲೇ ನಾನು ಮೊದಲು ನೋಡುತ್ತಿದ್ದುದು ಮುಹೂರ್ತವನ್ನಲ್ಲ, ಕೆಳಗಿನ ಆ ಹೆಸರುಗಳನ್ನು. ಹೆಸರಿಲ್ಲದವನ್ನು ಬೇರೆ ಕಟ್ಟಿನಲ್ಲಿ ಇಡುತ್ತಿದ್ದೆ. ಎಷ್ಟೋ ಜೋಡಿಗಳು ಬಂದು ನನ್ನೊಡನೆ ಜಗಳವಾಡಿ ಹೋಗಿದ್ದಾರೆ. ನಾನು ಮನಸ್ಸಿನಲ್ಲಿ ಅವರ ಪರ, ಬಾಯಲ್ಲಿ ಕಚೇರಿಯ ಪರ.

ಹೀಗಿರುವಾಗ ನನ್ನ ಮಗಳು ಒಂದು ಭಾನುವಾರ ಕಾಫಿ ಲೋಟ ತೊಳೆಯುತ್ತಾ ತನಗೊಬ್ಬ ಹುಡುಗ ಇಷ್ಟ ಎಂದಳು. ಅವಳು ಕನಕಪುರದ ಆಸ್ಪತ್ರೆಯಲ್ಲಿ ಔಷಧ ಕೊಡುವ ಕೆಲಸದಲ್ಲಿದ್ದಾಳೆ. ಹುಡುಗ ಅಲ್ಲಿಯೇ ಪಶು ಆಸ್ಪತ್ರೆಯಲ್ಲಿ. ಬೈರಾಪಟ್ಟಣದ ರೈತರ ಮನೆಯ ಒಬ್ಬನೇ ಮಗ, ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಅವರ ಜಾತಿ ಬೇರೆ, ನಮ್ಮದು ಬೇರೆ. ನಮ್ಮದು ತೊವ್ವೆ ಕೋಸಂಬರಿಯ ಮನೆ, ಅವರದು ಮುದ್ದೆ ಬಾಡಿನ ಮನೆ. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದು ನಿಜ. ಮೂರನೆಯ ದಿನ ಹುಡುಗ ಬಂದು ನಮ್ಮ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿ, ಸಾರು ಅನ್ನ ಎರಡು ಸಲ ಹಾಕಿಸಿಕೊಂಡು ಉಂಡ. ಒಪ್ಪಿಕೊಂಡೆ.

ಅವನ ತಂದೆ ಒಪ್ಪಲಿಲ್ಲ. ನಮ್ಮೋರಲ್ಲ ಎನ್ನುವ ಒಂದೇ ಮಾತು. ಮಗ ಎರಡನೆಯ ಸಲ ಕೇಳಿದಾಗ ಅಪ್ಪ ಎದ್ದು ತೋಟಕ್ಕೆ ಹೋದರು. ಹುಡುಗ ಕನಕಪುರದಲ್ಲೇ ರೂಮು ಮಾಡಿದ. ಇಬ್ಬರಿಗೂ ಮಾತು ನಿಂತುಹೋಯಿತು.

ಈಗ ನಾನು ಮಾಡಿದ ತಪ್ಪು ಹೇಳಬೇಕು. ಪತ್ರಿಕೆ ಮಾಡಿಸುವುದು ನನ್ನ ಪಾಲಿಗೆ ಬಂತು. ಹೆಣ್ಣಿನ ಕಡೆ ಮೈದುನನ ಹೆಸರು ಮೊದಲು ಇರಲಿ ಎಂದರು ನಮ್ಮವರು, ಒಪ್ಪದೆ ನನ್ನ ಹೆಸರನ್ನೇ ಮೊದಲು ಹಾಕಿಸಿದೆ. ಗಂಡಿನ ಕಡೆ ಬಂದಾಗ ಕೈ ನಿಂತಿತು. ತೀರಿಹೋದ ಆ ತಾಯಿಯ ಹೆಸರು ದಿವಂಗತ ಎಂದು ಸೇರಿಸಿ ಹಾಕಬೇಕು, ಅದು ಪದ್ಧತಿ. ಸತ್ತವರ ಹೆಸರು ಹಾಕಿ, ಬದುಕಿರುವ ತಂದೆಯ ಹೆಸರು ಬಿಟ್ಟರೆ ಆ ಮನುಷ್ಯನನ್ನು ಸತ್ತವರಿಗಿಂತ ಆಚೆ ತಳ್ಳಿದ ಹಾಗಾಗುತ್ತದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮುದ್ರಣದವನಿಗೆ ಅವರ ಹೆಸರನ್ನು ಬರೆದುಕೊಟ್ಟೆ. ಕೇಳದೆ.

ಗೌರವಕ್ಕೆ ಹಾಕಿದೆ ಎಂದು ಆಗ ಎಲ್ಲರಿಗೂ ಹೇಳಿದೆ. ಈಗ ಸುಳ್ಳು ಯಾಕೆ. ಗೌರವ ಒಂದು ಪಾಲು, ಉಳಿದದ್ದೆಲ್ಲ ಎಂಪಿ ಬರಲಿ ಎನ್ನುವ ಆಸೆ. ಇಷ್ಟು ವರ್ಷ ಊರವರ ಮದುವೆಗೆಲ್ಲ ಅವರನ್ನು ದಾರಿ ಹಾಕಿ ಕಳಿಸಿದವಳು ನಾನು. ನನ್ನ ಮಗಳ ಮದುವೆಗೆ ಅವರು ಬಾರದಿದ್ದರೆ ನಮ್ಮ ನೆಂಟರು ಏನನ್ನುತ್ತಾರೆ. ಅಪ್ಪನಿಲ್ಲದ ಮಗಳು, ಮಾವನೊಪ್ಪದ ಮದುವೆ, ಅದರ ಮೇಲೆ ಇದೂ ಒಂದು. ಮಗಳು ಪತ್ರಿಕೆ ನೋಡಿ ಇದು ಸರಿಯಲ್ಲ ಎಂದಳು. ಹುಡುಗ ಆ ಹೆಸರಿನ ಮೇಲೆ ಬೆರಳಾಡಿಸಿದ. ಇಬ್ಬರನ್ನೂ ಗದರಿ ಸುಮ್ಮನಾಗಿಸಿದೆ.

ಎಂಪಿಗೆ ಪತ್ರಿಕೆ ಕೊಟ್ಟಾಗ ಅವರು ಕೆಳಗಿನಿಂದಲೇ ಓದಿದರು. ಮುಖ ಅರಳಿತು. ಬೈರಾಪಟ್ಟಣದವರು ಒಪ್ಪಿದರಾ, ನಿಮ್ಮ ಕೈಯಲ್ಲಿ ಏನೋ ಇದೆ ಅಕ್ಕ, ಧಾರೆಗೆ ನಾನು ಬೆಳಿಗ್ಗೆಯಿಂದಲೇ ಅಲ್ಲಿರುತ್ತೇನೆ ಎಂದರು. ಬೇರೆ ಎಲ್ಲ ಮದುವೆಗಳನ್ನೂ ಆ ದಿನದಿಂದ ತೆಗೆಸಿದರು. ನಾನು ನೋಟ್ ಬುಕ್ಕಿನಲ್ಲಿ ಆ ಪುಟಕ್ಕೆ ಒಂದೇ ಸಾಲು ಬರೆದೆ, ಬರೆಯುವಾಗ ನಾಚಿಕೆಯಾಗಲಿಲ್ಲ, ಖುಷಿಯೇ ಆಯಿತು.

ಹನ್ನೆರಡು ದಿನ ಕಳೆದಿರಬೇಕು. ಸೋಮವಾರ ಜನರನ್ನು ಕಾಣುವ ಹೊತ್ತು. ಹಾಲಿನ ತುಂಬ ಜನ. ಮಾಸಿದ ಬಿಳಿ ಅಂಗಿ ತೊಟ್ಟ, ಹೆಗಲ ಮೇಲೆ ಟವೆಲ್ ಹಾಕಿದ ಅರವತ್ತರ ಆಸುಪಾಸಿನ ರೈತರೊಬ್ಬರು ತಮ್ಮ ಸರದಿ ಬಂದಾಗ ಎದ್ದು ಬಂದು ಜೇಬಿನಿಂದ ನಮ್ಮ ಪತ್ರಿಕೆಯನ್ನು ತೆಗೆದು ಎಂಪಿಯ ಮುಂದಿಟ್ಟರು. ಅವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಗುರುತು ಹಿಡಿಯಲು ನೋಡಿರಬೇಕಾಗಿಯೂ ಇರಲಿಲ್ಲ, ಮಗನ ಹಣೆ, ಮಗನ ಮೂಗು.

"ನಾನಿನ್ನೂ ಬದುಕಿವ್ನಿ ಸ್ವಾಮಿ. ನನ್ನ ಕೇಳ್ದೆ ನನ್ನ ಹೆಸ್ರ ಇದ್ಕೆ ಹಾಕ್ಬುಟ್ಟವ್ರೆ. ಯಾರು ಹಾಕ್ದೋರು ಅಂತ ಒಸಿ ಕೇಳಿ ಹೇಳಿ" ಎಂದರು.

ಊರಿನವರು ಒಬ್ಬೊಬ್ಬರಾಗಿ ಮನೆಗೆ ಬಂದು, ಅಂತೂ ಒಪ್ಪಿಕೊಂಡೆಯಲ್ಲ ಎಂದು ಕೈ ಹಿಡಿದು ಹೇಳಿ ಹೋಗುತ್ತಿದ್ದರಂತೆ. ಒಪ್ಪಿಲ್ಲ ಎಂದರೆ ಪತ್ರಿಕೆ ತೋರಿಸುತ್ತಿದ್ದರಂತೆ. ಅದನ್ನು ಅವರು ಹೇಳುವಾಗ ದನಿ ಏರಲಿಲ್ಲ. ನಾನು ಎದ್ದು ನಿಂತು, ನಾನೇ ಹಾಕಿಸಿದ್ದು ಎಂದೆ.

ಎಂಪಿ ನನ್ನ ಕಡೆ ತಿರುಗಿದರು. ನನ್ನನ್ನು ಒಳಗೆ ಕರೆದು ಹೇಳುತ್ತಾರೆ ಅಂದುಕೊಂಡೆ. ಅಷ್ಟೂ ಜನರ ಮುಂದೆಯೇ ಹೇಳಿದರು. "ಅಕ್ಕ, ತಪ್ಪು ಮಾಡುದ್ರಿ. ಅವ್ರ ಹೆಸ್ರು ಅವ್ರದು. ಅದ ಇನ್ನೊಬ್ರು ಬಳಸ್ಕಳಂಗಿಲ್ಲ."

ಜೀವಮಾನದಲ್ಲಿ ನನ್ನನ್ನು ಯಾರೂ ಹಾಗೆ ಜನರ ಮುಂದೆ ನಿಲ್ಲಿಸಿರಲಿಲ್ಲ. ಮನೆಗೆ ಬಂದು ಅತ್ತೆ. ಅತ್ತ ಮೇಲೆ ಸಿಟ್ಟು ಬಂತು. ಕೆಲಸ ಬಿಡುತ್ತೇನೆಂದು ಕಾಗದ ಬರೆದು ಮರುದಿನ ಮೇಜಿನ ಮೇಲಿಟ್ಟೆ. ಓದಿ ಡ್ರಾಯರಿನೊಳಗೆ ಹಾಕಿದರು. ಮೊದಲು ಬೈರಾಪಟ್ಟಣಕ್ಕೆ ಹೋಗಿ ಬರೋಣ, ಕ್ಷಮೆ ಕೇಳುವ ಕೆಲಸ ಬಾಕಿ ಇದೆ ಎಂದರು. ಕಾರಿನಲ್ಲಿ ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಬೈರಾಪಟ್ಟಣದ ಆ ಮನೆಯ ಪಕ್ಕಕ್ಕೇ ರೇಷ್ಮೆಯ ಹುಳುಮನೆ. ಹುಡುಗನ ತಂದೆ ಬಾಗಿಲಿಗೆ ಅಡ್ಡ ನಿಂತು, ಮೊನ್ನೆ ತಾನೇ ಚಾಕಿ ತಂದು ಬಿಟ್ಟಿದ್ದೇನೆ, ಎಳೆ ಹುಳು, ಹೊರಗಿನವರು ಹತ್ತಿರ ಬರಬಾರದು ಎಂದರು. ಜಗುಲಿಯ ಮೇಲೆ ಚಾಪೆ ಹಾಕಿದರು. ಎಂಪಿ ಮಾತು ನನಗೇ ಬಿಟ್ಟರು. ನಾನು ತಪ್ಪಾಯಿತು ಎಂದೆ. ಉಳಿದ ಪತ್ರಿಕೆಗಳಲ್ಲಿ ಹೆಸರಿನ ಮೇಲೆ ಕಾಗದ ಅಂಟಿಸುತ್ತೇನೆ ಎಂದೆ. ಅಂಟಿಸಿದರೆ ಊರೆಲ್ಲ ಅದನ್ನೇ ಕಿತ್ತು ನೋಡುತ್ತದೆ, ಬಿಡಿ ಎಂದರು ಆ ತಂದೆ. ಮದುವೆಗೆ ಬನ್ನಿ ಎಂದು ಕೈ ಮುಗಿದೆ. ಅದಕ್ಕೆ ಅವರು ಹುಳುಮನೆ ಕಡೆ ನೋಡಿದರು.

ವಾಪಸು ಬರುವಾಗ ಎಂಪಿ ಬೆರಳು ಮಡಿಸಿ ಎಣಿಸುತ್ತಿದ್ದರು. ರೇಷ್ಮೆಯವರ ಮನೆಯಲ್ಲಿ ಹುಟ್ಟಿದವರು, ಚಾಕಿ ತಂದ ದಿನ ಹೇಳಿದರೆ ಹುಳು ಹಣ್ಣಾಗುವ ದಿನ ತಾನಾಗಿ ತಿಳಿಯುತ್ತದೆ. ಧಾರೆಯ ದಿನವೇ ಹಣ್ಣಾಗುತ್ತದೆ ಎಂದರು. ಹುಳು ಹಣ್ಣಾದ ಮೇಲೆ ಸೊಪ್ಪು ಬಿಟ್ಟು ತಲೆ ಎತ್ತುತ್ತದೆ, ಆಗ ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು, ಅರ್ಧ ದಿನ ತಡವಾದರೆ ನೂಲೆಲ್ಲ ಸೊಪ್ಪಿನ ಮೇಲೆ ಸುರಿದು ಬೆಳೆ ಹಾಳು. ಆ ದಿನ ರೇಷ್ಮೆಯವರ ಮನೆಯಿಂದ ಯಾರೂ ಹೊರಗೆ ಹೋಗುವುದಿಲ್ಲ, ಯಾರೂ ತಪ್ಪು ತಿಳಿಯುವುದೂ ಇಲ್ಲ. ಅಂದರೆ ಬೇಕೆಂದೇ ಲೆಕ್ಕ ಹಾಕಿ ಬಿಟ್ಟಿದ್ದಾರೆ ಎಂದು ನನಗೆ ಮೈ ಉರಿಯಿತು.

"ಬರ್ದೆ ಇರಕ್ಕೆ ಇಷ್ಟು ಲೆಕ್ಕ ಹಾಕಿ ನೆಪ ಮಾಡ್ಕಂಡವ್ರೆ ಅಂದ್ರೆ, ಬರ್ಬೇಕು ಅಂತ ಮನ್ಸಲ್ಲಿ ಐತೆ ಅಕ್ಕ. ಬೇಡ ಅಂದೋರ್ಗೆ ನೆಪ ಯಾಕ್ ಬೇಕು" ಎಂದರು ಎಂಪಿ.

ಮನಸ್ಸಿನಲ್ಲಿ ಇದ್ದರೆ ಛತ್ರಕ್ಕೆ ಬಂದ ಹಾಗಾಯಿತೇ ಎಂದು ನಾನು ಕೇಳಿದೆ. ಇಲ್ಲ ಎಂದರು. ಅವರು ಬಾರದಿದ್ದರೆ ನಾನೂ ಬರುವ ಹಾಗಿಲ್ಲ ಅಕ್ಕ, ಬೇರೆಯವರಿಗೆಲ್ಲ ಒಂದು, ನಿಮಗೊಂದು ಎಂದು ಮಾಡಲಾರೆ ಎಂದರು. ನಾನು ಬರಬೇಡಿ ಎಂದೆ. ಕಚೇರಿಗೆ ಬಂದವಳೇ ನೋಟ್ ಬುಕ್ಕಿನ ಆ ಸಾಲನ್ನು ಹೊಡೆದು ಹಾಕಿದೆ. ಆಮೇಲೆ ಮದುವೆಯವರೆಗೂ ನಮ್ಮಿಬ್ಬರ ನಡುವೆ ಕಾಗದಗಳ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ಆ ದಿನಗಳಲ್ಲಿ ನಾನು ಅವರನ್ನು ಮನಸ್ಸಿನಲ್ಲಿ ಬೈಯದ ಗಳಿಗೆ ಇಲ್ಲ. ಕೂಟಗಲ್‌ನಲ್ಲೋ ಗುಡೇಮಾರನಹಳ್ಳಿಯಲ್ಲೋ ಯಾರದೋ ಮನೆಯ ಮುಂಜಿಗೆ, ಗೃಹಪ್ರವೇಶಕ್ಕೆ ಹೋಗುತ್ತಾರೆ, ಹಗಲೂ ರಾತ್ರಿ ಅವರ ಪತ್ರ ಟೈಪ್ ಮಾಡುವವಳ ಮಗಳ ತಲೆಗೆ ನಾಲ್ಕು ಅಕ್ಷತೆ ಕಾಳು ಹಾಕಲು ನಿಯಮ ಅಡ್ಡ ಬರುತ್ತದೆ. ಹಳೆಯ ಕಾಲದ ಮನುಷ್ಯ, ಸಂಸಾರ ಸಂಸಾರ ಎನ್ನುವವನಿಗೆ ಒಂದು ಸಂಸಾರ ಹುಟ್ಟುವುದು ಕಾಣುವುದಿಲ್ಲ ಎಂದು ಮಗಳ ಮುಂದೆಯೂ ಆಡಿದೆ. ಅಮ್ಮ, ಅವರು ಬರದಿದ್ದರೆ ಬಿಡು, ಮಾವನೊಬ್ಬರು ಬಂದರೆ ಸಾಕಿತ್ತು, ಇವರು ರಾತ್ರಿಯೆಲ್ಲ ನಿದ್ದೆ ಮಾಡುತ್ತಿಲ್ಲ ಎಂದಳು ಮಗಳು. ನಾನು ಯಾರು ಬರಬೇಕೆಂದು ಕಾಯುತ್ತಿದ್ದೆ, ಮಕ್ಕಳು ಯಾರು ಬರಬೇಕೆಂದು ಕಾಯುತ್ತಿದ್ದರು.

ಮದುವೆ ರಾಮನಗರದ ಒಂದು ಚಿಕ್ಕ ಛತ್ರದಲ್ಲಿ. ಧಾರೆ ಹನ್ನೊಂದರ ಒಳಗೆ. ನಮ್ಮ ನೆಂಟರು ಬಂದರು, ಆಸ್ಪತ್ರೆಯವರು ಬಂದರು, ಪಶು ಆಸ್ಪತ್ರೆಯವರು ಬಂದರು. ಗಂಡಿನ ಕಡೆ ಅವನ ಸ್ನೇಹಿತರು, ಸೋದರಮಾವನೊಬ್ಬರು, ಅಷ್ಟೇ. ಮೊದಲ ಸಾಲಿನ ಕುರ್ಚಿಗಳು ಹಾಗೇ ಖಾಲಿ. ಎಂಪಿ ಬರುತ್ತಾರಂತಲ್ಲ ಎಂದು ಕೇಳಿದವರಿಗೆಲ್ಲ ಬರುತ್ತಾರೋ ಏನೋ ಎಂದು ಹಲ್ಲು ಕಚ್ಚಿ ಹೇಳುತ್ತಿದ್ದೆ. ಹುಡುಗ ಬಾಸಿಂಗ ಕಟ್ಟಿಕೊಂಡು ಕೂತಿದ್ದ. ಪುರೋಹಿತರು ಗಂಡಿನ ತಂದೆಯ ಸ್ಥಾನದಲ್ಲಿ ಸೋದರಮಾವನನ್ನು ಕೂರಿಸಲೇ ಎಂದು ಕೇಳಿದಾಗ ಅವನು ತಲೆ ಎತ್ತಲಿಲ್ಲ. ಸೋದರಮಾವನೇ ಬಂದು ಕೂತರು.

ಹತ್ತೂವರೆ ಇರಬಹುದು. ಹೊರಗೆ ಗದ್ದಲವಾಯಿತು. ಎಂಪಿ ಕಾರು ಬಂತು ಎಂದು ಯಾರೋ ಕೂಗಿದರು. ನಮ್ಮ ಮೈದುನ ಹಾರ ಹಿಡಿದುಕೊಂಡು ಓಡಿದ. ನಾನೂ ಹೋದೆ, ಎಷ್ಟು ಸಿಟ್ಟಿದ್ದರೂ ಕಾಲು ತಾನಾಗಿ ಹೋಯಿತು. ಡ್ರೈವರ್ ಇಳಿದು ಹಿಂದಿನ ಬಾಗಿಲು ತೆಗೆದ. ಇಳಿದವರು ಬೈರಾಪಟ್ಟಣದ ಆ ತಂದೆ. ಒಬ್ಬರೇ. ಮಾಸಿದ ಅದೇ ಬಿಳಿ ಅಂಗಿ, ಎದೆಯ ಮೇಲೆಲ್ಲ ಹಿಪ್ಪುನೇರಳೆ ಸೊಪ್ಪಿನ ಹಸಿರು ಕಲೆ. ಹಾರ ಹಿಡಿದ ಮೈದುನ ಕಾರಿನ ಒಳಗೆ ಬಗ್ಗಿ ನೋಡಿದ. ಒಳಗೆ ಯಾರೂ ಇರಲಿಲ್ಲ.

ಅವರು ನನ್ನ ಮುಂದೆ ಬಂದು ನಿಂತರು. ಬಟ್ಟೆ ಬದಲಿಸಲು ಹೊತ್ತಿರಲಿಲ್ಲ, ಕೈ ತೊಳೆಯಲು ನೀರು ಕೊಡಿ ಎಂದರು. ನಾನೇ ಚೊಂಬು ತಂದು ನೀರು ಹಾಕಿದೆ. ಎಷ್ಟು ಉಜ್ಜಿದರೂ ಬೆರಳ ಸಂದಿಯ ಹಸಿರು ಹೋಗಲಿಲ್ಲ, ಸಾಕು ಬನ್ನಿ ಎಂದೆ. ಮಂಟಪದ ಮೇಲೆ ಮಗ ಅವರನ್ನು ನೋಡಿದ. ಬಾಸಿಂಗ ಕಟ್ಟಿದ ಹಣೆಯನ್ನು ಹಾಗೇ ಅಪ್ಪನ ಪಾದದ ಮೇಲಿಟ್ಟ. ಅವರು ಅವನ ಬೆನ್ನ ಮೇಲೆ ಕೈ ಇಟ್ಟರು. ಸೋದರಮಾವ ಎದ್ದು ಜಾಗ ಬಿಟ್ಟುಕೊಟ್ಟರು. ಧಾರೆ ಆಯಿತು. ನನಗೆ ಆ ಹೊತ್ತಿನ ಮಂತ್ರ ಒಂದೂ ಕಿವಿಗೆ ಬೀಳಲಿಲ್ಲ, ಅಳುವುದೇ ಕೆಲಸವಾಯಿತು.

ಏನಾಯಿತು ಎಂದು ಆಮೇಲೆ ಡ್ರೈವರ್ ಹೇಳಿದ. ಆರು ಗಂಟೆಗೇ ಎಂಪಿ ಬೈರಾಪಟ್ಟಣಕ್ಕೆ ಹೋಗಿದ್ದರಂತೆ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅಂಗಿ ತೆಗೆದು ಕಾರಿನಲ್ಲಿಟ್ಟು, ತಲೆಗೆ ಟವೆಲ್ ಸುತ್ತಿ ಹುಳುಮನೆ ಬಾಗಿಲಲ್ಲಿ ನಿಂತರಂತೆ. ಹುಳು ಹಣ್ಣಾಗಿ ತಟ್ಟೆಗಳೆಲ್ಲ ಹಳದಿಗೆ ತಿರುಗಿದ್ದವಂತೆ, ಆ ತಂದೆ ಒಬ್ಬರೇ ಆರಿಸುತ್ತಿದ್ದರಂತೆ. ಒಳಕ್ಕೆ ಬರಬೇಡಿ ಎನ್ನಲಿಲ್ಲವಂತೆ. ಇಬ್ಬರೂ ಮೂರು ಗಂಟೆಗೂ ಹೆಚ್ಚು ಹೊತ್ತು ಪಕ್ಕಪಕ್ಕದಲ್ಲಿ ನಿಂತು ಹುಳು ಆರಿಸಿ ಚಂದ್ರಿಕೆಗೆ ಬಿಟ್ಟರಂತೆ. ಮದುವೆಯ ಮಾತು ಇಬ್ಬರೂ ಎತ್ತಲಿಲ್ಲ. ಮಳೆ, ಗೂಡಿನ ಧಾರಣೆ, ಸೊಪ್ಪಿನ ತೇವ, ಇಷ್ಟೇ. ಒಂಬತ್ತೂವರೆ ದಾಟಿದ ಮೇಲೆ ಆ ತಂದೆ ತಾವಾಗಿಯೇ ಹೊತ್ತೆಷ್ಟು ಎಂದು ಕೇಳಿದರಂತೆ. ಎಂಪಿ ಹೇಳಿದರಂತೆ. ಇನ್ನೂ ಅರ್ಧ ಹುಳು ಹಾಗೇ ಇದೆಯಲ್ಲ ಎಂದರಂತೆ ಅವರು.

"ನಾನಿಲ್ವಾ" ಎಂದರಂತೆ ಎಂಪಿ.

ಅಷ್ಟೇ ಅಂತೆ. ಅವರ ಮಸೂದೆಯನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಅವರು ಮತ್ತೆ ಗೆದ್ದಿದ್ದಾರೆ, ಮತ್ತೆ ತರುತ್ತೇನೆ ಎನ್ನುತ್ತಿದ್ದಾರೆ, ಮತ್ತೆ ಜಗಳ ಕಾದಿದೆ. ಹೆತ್ತವರನ್ನು ಕಾನೂನಿನಿಂದ ಎಳೆದು ತರಲು ಹೊರಟವರು, ತಾವು ಮಾತ್ರ ಒಬ್ಬ ತಂದೆಯನ್ನು ಕರೆತರಲು ಅವರ ಹುಳು ಆರಿಸಿದರು. ಈ ಮಾತನ್ನು ಅವರ ಮುಖಕ್ಕೇ ಹೇಳಿದ್ದೇನೆ. ಆದರೆ ಆ ಮಾತಿಗಿಂತ ಆ ದಿನ ದೊಡ್ಡದು. ನಾನು ಒಪ್ಪದವರ ಬಗ್ಗೆ ನನ್ನ ಮನಸ್ಸಿನಲ್ಲಿ ಇಷ್ಟು ಗೌರವ ಹುಟ್ಟಬಹುದೆಂದು ನನಗೇ ಗೊತ್ತಿರಲಿಲ್ಲ.

ಊಟದ ಹೊತ್ತಿಗೆ ಛತ್ರದ ಬಾಗಿಲಲ್ಲಿ ನಾವಿಬ್ಬರೂ ಬೀಗರು ಅಕ್ಕಪಕ್ಕ ನಿಂತು ಜನರನ್ನು ಕರೆಯುತ್ತಿದ್ದೆವು. ಅವರ ಮೈಯಿಂದ ಸೊಪ್ಪಿನ ವಾಸನೆ ಬರುತ್ತಿತ್ತು. ಕಾರು ಮಾತ್ರ ಬಂದು ಎಂಪಿ ಬಾರದಿದ್ದುದು ಜನಕ್ಕೆ ಅರ್ಥವಾಗಿರಲಿಲ್ಲ. ನಮ್ಮ ಮೈದುನ ಹಾರವನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು ಬಂದು, ಎಂಪಿ ಬರಲೇ ಇಲ್ಲವಲ್ಲ ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು.

"ಬತ್ತಿದ್ರು. ನಾನು ಬರ್ಬೇಕಿತ್ತಲ್ಲ, ಅದ್ಕೆ ಅವ್ರು ಬರ್ನಿಲ್ಲ."

ಮೈದುನ ನನ್ನ ಮುಖ ನೋಡಿದ. ನಾನು ಅವನ ಕೈಯಿಂದ ಹಾರ ತೆಗೆದುಕೊಂಡು ಬೀಗರ ಕೊರಳಿಗೆ ಹಾಕಿದೆ, ಕಣ್ಣೊರೆಸಿಕೊಂಡು ಅವರನ್ನು ಊಟಕ್ಕೆ ಕರೆದುಕೊಂಡು ಹೋದೆ.